ಐಡಲ್‌ನಲ್ಲಿ ಬಂದ್ ಬೀಳೋ ಗಾಡಿ: ಪುಣೆಯ ಒಂದು ಕೇಸ್ ಪೂರ್ತಿ

ಪುಣೆಯ ಕೋಥರೂಡ್ ಕಡೆಯ ಒಂದು ಗಾಡಿ ಇದು, ಐಡಲ್‌ನಲ್ಲಿ ಅಂದ್ರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಆನ್ ಇದ್ದಾಗ ಬಂದ್ ಬೀಳ್ತಿತ್ತು. ಮಾಲೀಕರ ಹೆಸರು, ಗಾಡಿ ಕಂಪನಿ, ಗ್ಯಾರೇಜ್‌ಗಳ ಹೆಸರು ಯಾವ್ದೂ ಹಾಕಿಲ್ಲ, ಹಾಕೋ ಅಗತ್ಯನೂ ಇಲ್ಲ, ಈ ತೊಂದರೆ ಯಾವ ಕಂಪನಿಯ ಪೆಟ್ರೋಲ್ ಗಾಡೀಲಾದ್ರೂ ಬರಬಹುದು. ಮಾಲೀಕರನ್ನ ಕಾಕಾ ಅಂತಲೇ ಕರೀತೀನಿ. ಧಾರವಾಡ ಕಡೆಯವರು, ಬ್ಯಾಂಕ್ ನೌಕರಿಯಿಂದ ರಿಟೈರ್ ಆಗಿ ಇಲ್ಲೇ ಸೆಟ್ಲ್ ಆದವರು. ನಾನು ಪಿಂಪ್ರಿ-ಚಿಂಚ್‌ವಾಡ್ ಕಡೆ ಎಂಜಿನ್ ಟೆಸ್ಟಿಂಗ್ ಕೆಲಸದಲ್ಲಿರೋನು, ಹಾಗಾಗಿ ನಮ್ಮ ಕನ್ನಡದವರ ಗುಂಪಲ್ಲಿ ಯಾರದ್ದೇ ಗಾಡಿ ಕೆಮ್ಮಿದ್ರೂ ಫೋನ್ ನನಗೇ ಬರುತ್ತೆ.

ಗಾಡಿ 2016ರ ಮಾಡೆಲ್, ಬಿಎಸ್4, 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್, ಮ್ಯಾನುವಲ್ ಗೇರ್. ಎಲೆಕ್ಟ್ರಾನಿಕ್ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡೋ ಬಾಗಿಲು) ಇದೆ, ಒಳಗೆ ಹೋಗೋ ಗಾಳಿಯನ್ನ ನೇರವಾಗಿ ಅಳೆಯೋ ಏರ್ ಫ್ಲೋ ಮೀಟರ್ ಇಲ್ಲ, ಅದರ ಬದಲು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಪೈಪ್) ಒಳಗಿನ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಇದೆ (ಈ ವಿಷಯ ಮುಂದೆ ಬೇಕಾಗುತ್ತೆ). ಸುಮಾರು 70,000 ಕಿಲೋಮೀಟರ್ ಓಡಿತ್ತು. ಕಾಕಾ ಗಾಡಿ ಇಟ್ಕೊಂಡ ರೀತಿ ನೋಡಿದ್ರೆ ಹೊಸದು ಅನ್ನಬೇಕು, ಸರ್ವಿಸ್ ಒಂದೂ ತಪ್ಪಿಲ್ಲ, ಬಿಲ್‌ಗಳೆಲ್ಲ ಫೈಲ್‌ನಲ್ಲಿ.

ತೊಂದರೆ ಏನು ಅಂತ ಅವರ ಮಾತಲ್ಲೇ ಹೇಳ್ತೀನಿ. "ತಮ್ಮಾ, ಓಡೂಮುಂದ ಏನೂ ತ್ರಾಸಿಲ್ಲ, ಸಿಗ್ನಲ್‌ನ್ಯಾಗ ನಿಂತ್ರ ಮಾತ್ರ ಬಂದ್ ಬೀಳ್ತದ. ಎಲ್ಲಾ ದಿನ ಅಲ್ಲ ಮತ್ತ, ಒಮ್ಮೊಮ್ಮೆ." ನಳ್ ಸ್ಟಾಪ್‌ನಲ್ಲಿ ಒಂದ್ಸಲ ಹಸಿರು ದೀಪ ಬಿದ್ದಮೇಲೆ ಗಾಡಿ ಸ್ಟಾರ್ಟ್ ಆಗದೆ ಹಿಂದಿನವರೆಲ್ಲ ಹಾರ್ನ್ ಹೊಡೆದು ಹೊಡೆದು ಅವರ ಬಿಪಿ ಏರಿಸಿದ್ರಂತೆ. ಊರಿಂದ ವಾಪಸ್ ಬರ್ತಾ ಕಿಣಿ ಟೋಲ್ ಕ್ಯೂನಲ್ಲೂ ಹಾಗೇ ಆಗಿತ್ತು. ಚೆಕ್ ಎಂಜಿನ್ ದೀಪ ಒಂದ್ಸಲವೂ ಹತ್ತಿಲ್ಲ.

ನನ್ನ ಹತ್ರ ಬರೋ ಹೊತ್ತಿಗೆ ಗಾಡಿಗೆ ಏನೇನು ಆಗಿತ್ತು ಅಂದ್ರೆ, ಮೊದಲು ಕಂಪನಿ ಸರ್ವಿಸ್ ಸೆಂಟರ್. ಅವರು ಥ್ರಾಟಲ್ ಬಾಡಿ ಬಿಚ್ಚಿ ಕಾರ್ಬನ್ ಕ್ಲೀನ್ ಮಾಡಿ, ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾಯಿಸಿ, ಐಡಲ್ ರೀಲರ್ನ್ ಮಾಡಿ (ಐಡಲ್ ಲೆಕ್ಕವನ್ನ ಗಾಡಿಯ ಕಂಪ್ಯೂಟರ್‌ಗೆ ಮತ್ತೆ ಕಲಿಸಿ) ಕೊಟ್ರು. ಅದು ತಪ್ಪು ಅನ್ನೋಕಾಗಲ್ಲ, ಐಡಲ್ ತೊಂದರೆ ಅಂತ ಬಂದ ಹತ್ತು ಗಾಡೀಲಿ ಸುಮಾರು ಗಾಡಿಗಳು ಥ್ರಾಟಲ್ ಕ್ಲೀನ್ ಮಾಡಿದ್ರೇ ಸರಿ ಹೋಗ್ತವೆ. ಕಾಕಾನ ಗಾಡೀನೂ ಸರಿ ಹೋಯ್ತು, ಒಂದೆರಡು ವಾರ. ಆಮೇಲೆ ಮತ್ತೆ ಶುರು. ಎರಡನೇದು ಮನೆ ಹತ್ರದ ಗ್ಯಾರೇಜ್. ಅಲ್ಲಿನ ಮಿಸ್ತ್ರಿ, ನೀವು ನಿಪ್ಪಾಣಿಯಲ್ಲಿ ಪೆಟ್ರೋಲ್ ಹಾಕಿಸ್ತೀರಲ್ಲ, ಕರ್ನಾಟಕದ ಪೆಟ್ರೋಲ್‌ನಲ್ಲಿ ಕಸ ಇತ್ತು ಅಂದ. (ಮಹಾರಾಷ್ಟ್ರಕ್ಕಿಂತ ಅಲ್ಲಿ ಲೀಟರಿಗೆ ಒಂಚೂರು ಅಗ್ಗ ಅಂತ ಈ ರೂಟ್‌ನಲ್ಲಿ ಓಡಾಡೋ ನಮ್ಮವರೆಲ್ಲ ಗಡಿ ದಾಟೋ ಮುಂಚೆ ಹಾಕಿಸ್ಕೊಳ್ಳೋದು ಗೊತ್ತಿರೋದೇ.) ಟ್ಯಾಂಕ್ ಖಾಲಿ ಮಾಡಿ, ಇಳಿಸಿ, ಫ್ಯೂಲ್ ಪಂಪ್ ಮತ್ತೆ ಸ್ಟ್ರೈನರ್ ಹೊಸದು ಹಾಕ್ದ. ಗಾಡಿ ಮತ್ತೆ ಸರಿ ಹೋಯ್ತು! ಈ ಸಲ ಮೂರು ವಾರ.

ಮೂರನೇದು ಮುಂಬೈಯಿಂದ ಬಂದ ಅಳಿಯ. ಹುಡುಗ ಹುಷಾರಿ, ಮೊಬೈಲ್‌ಗೆ ಸ್ಕ್ಯಾನರ್ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಮ್ಯಾಪ್ ರೀಡಿಂಗ್ ನೋಡಿದ್ದಾನೆ, 95 ಕಿಲೋಪಾಸ್ಕಲ್ ಬಂದಿದೆ. ಮುಂಬೈಯಲ್ಲಿ ಅವನ ಸ್ವಂತ ಗಾಡೀಲಿ 101 ತೋರಿಸುತ್ತೆ. ಸೆನ್ಸರ್ ಹೋಗಿದೆ ಅಂತ ತೀರ್ಮಾನ ಮಾಡಿ ಹೊಸದು ಹಾಕಿಸಿದ. ಹೊಸದೂ 95 ತೋರಿಸ್ತು. ತೋರಿಸಲೇಬೇಕು, ಯಾಕಂದ್ರೆ ಎಂಜಿನ್ ನಿಂತಿದ್ದಾಗ ಆ ಸೆನ್ಸರ್ ಹೇಳೋದು ಹೊರಗಿನ ಗಾಳಿಯ ಒತ್ತಡ, ಮುಂಬೈ ಸಮುದ್ರದ ಮಟ್ಟದಲ್ಲಿದೆ, ಪುಣೆ ಸುಮಾರು 560 ಮೀಟರ್ ಮೇಲಿದೆ. ಪುಣೆಯಲ್ಲಿ 101 ತೋರಿಸೋ ಸೆನ್ಸರ್ ಸಿಕ್ಕಿದ್ರೆ ಅದನ್ನ ಅನುಮಾನಿಸಬೇಕು.

ಇಷ್ಟಾದ ಮೇಲೆ ಇನ್ನೊಂದು ಕಡೆ ಇಸಿಯುನೇ (ಎಂಜಿನ್ ನಡೆಸೋ ಕಂಪ್ಯೂಟರ್) ಬದಲಾಯಿಸಬೇಕು, ಮೂವತ್ತು ಸಾವಿರದ ಮೇಲಾಗುತ್ತೆ ಅಂದ್ರು. ಸೊಸೈಟಿಯ ವಾಟ್ಸಾಪ್ ಗ್ರೂಪ್‌ನವರು ಎಥನಾಲ್ ಪೆಟ್ರೋಲ್ ಅಂತ ತೀರ್ಪು ಕೊಟ್ರು, ಅದೇ ಪಂಪ್‌ನಲ್ಲಿ ಅದೇ ಪೆಟ್ರೋಲ್ ಹಾಕಿಸೋ ಅವರ ಗಾಡಿಗಳೆಲ್ಲ ಸರಿಯಾಗೇ ಓಡ್ತಿದ್ವು ಅನ್ನೋದು ಬೇರೆ ಮಾತು. ಆಗ ಕಾಕಾ ನನಗೆ ಫೋನ್ ಮಾಡಿದ್ದು.

ಹೇಗೆ ಆಫ್ ಆಗುತ್ತೆ ಅನ್ನೋದು ಮೊದಲ ಪ್ರಶ್ನೆ

ಐಡಲ್‌ನಲ್ಲಿ ಬಂದ್ ಆಗೋದು ಅಂದ್ರೆ ಹತ್ತು ಕಾರಣ ಇರುತ್ತೆ. ಗಾಡಿ ಮುಟ್ಟೋ ಮುಂಚೆ ಕೇಳಬೇಕಾದ್ದು, ಸ್ವಿಚ್ ಆಫ್ ಮಾಡ್ದಂಗೆ ಟಕ್ ಅಂತ ನಿಲ್ಲುತ್ತಾ, ಇಲ್ಲ ನಡುಗಿ ನಡುಗಿ ಆರ್‌ಪಿಎಂ ಇಳಿದು ನಿಲ್ಲುತ್ತಾ? ಟಕ್ ಅಂತ ನಿಂತ್ರೆ ಕ್ರ್ಯಾಂಕ್ ಸೆನ್ಸರ್, ರಿಲೇ, ವೈರಿಂಗ್, ಅರ್ಥ್ ಈ ಕಡೆ ಯೋಚಿಸಬೇಕು. ಇಳಿದು ನಿಂತ್ರೆ ಗಾಳಿ-ಪೆಟ್ರೋಲ್ ಮಿಶ್ರಣ ಅಥವಾ ಲೋಡ್. ಕಾಕಾ ಯೋಚನೆ ಮಾಡಿ ಹೇಳಿದ್ರು, "ನಡುಗ್ತದ, ಸೂಜಿ ಕೆಳಗ ಕೆಳಗ ಬರ್ತದ, ಆಮ್ಯಾಲೆ ಸಾಯ್ತದ." ಸರಿ, ಮತ್ತೆ ಸ್ಟಾರ್ಟ್ ಹೇಗಾಗುತ್ತೆ ಅಂತ ಕೇಳ್ದೆ. ಸುಮ್ನೆ ಕೀ ತಿರುಗಿಸಿದ್ರೆ ಬಹಳ ಹೊತ್ತು ಗರ್ ಗರ್ ಅನ್ನುತ್ತಂತೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದ್ರೆ ಸ್ಟಾರ್ಟ್ ಆಗುತ್ತಂತೆ. ಇದನ್ನ ಅವರು ಯಾವ ಗ್ಯಾರೇಜ್‌ನಲ್ಲೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ನನಗೆ ಇದು ದೊಡ್ಡ ಸುಳಿವು. ಪೆಟ್ರೋಲ್ ಕಮ್ಮಿಯಾಗಿ ನಿಂತ ಎಂಜಿನ್‌ಗೆ ಇನ್ನಷ್ಟು ಗಾಳಿ ಕೊಟ್ರೆ ಏನೂ ಪ್ರಯೋಜನ ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿದ್ರೆ ಇಸಿಯು ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್‌ಗಳನ್ನ ಬಂದ್ ಮಾಡಿ ಗಾಳಿ ಒಳಗೆ ಬಿಡುತ್ತೆ, ಜಾಸ್ತಿ ಪೆಟ್ರೋಲ್ ಕುಡಿದು ಒದ್ದೆಯಾದ ಎಂಜಿನ್ ಒಣಗಲಿ ಅಂತ. ಅಂದ್ರೆ ಈ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿಯಾಗ್ತಿದೆ, ರಿಚ್ ಆಗಿ ಸಾಯ್ತಿದೆ. ಫ್ಯೂಲ್ ಪಂಪ್ ವೀಕ್, ಸ್ಟ್ರೈನರ್‌ನಲ್ಲಿ ಕಸ, ಇವೆಲ್ಲ ಅದರ ಉಲ್ಟಾ ಕಾರಣಗಳು.

ಭಾನುವಾರ ಗಾಡಿ ತಂದ್ರು. ಸ್ಕ್ಯಾನರ್ ಹಾಕಿ ನೋಡಿದ್ರೆ ತೊಂದರೆ ಹೇಳೋ ಕೋಡ್ ಯಾವ್ದೂ ಇಲ್ಲ, ಎಂಜಿನ್ 750 ಆರ್‌ಪಿಎಂನಲ್ಲಿ ಶಾಂತವಾಗಿ ಕೂತಿದೆ. ಕೂಲೆಂಟ್ ಟೆಂಪರೇಚರ್ ಸರಿ, ಸುಟ್ಟ ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡೋ ಆಕ್ಸಿಜನ್ ಸೆನ್ಸರ್ ಸರಿಯಾಗಿ ಮೇಲೆ ಕೆಳಗೆ ಆಡ್ತಿದೆ. ಫ್ಯೂಲ್ ಟ್ರಿಮ್ ಐಡಲ್‌ನಲ್ಲಿ +2, 2,500 ಆರ್‌ಪಿಎಂನಲ್ಲಿ ಸೊನ್ನೆ. ಟ್ರಿಮ್ ಅಂದ್ರೆ, ಇಸಿಯು ತನ್ನ ಲೆಕ್ಕದ ಪೆಟ್ರೋಲ್‌ಗೆ ಆಕ್ಸಿಜನ್ ಸೆನ್ಸರ್ ಮಾತು ಕೇಳಿ ಎಷ್ಟು ಸೇರಿಸ್ತಿದೆ ಅಥವಾ ಎಷ್ಟು ಕಡಿಮೆ ಮಾಡ್ತಿದೆ ಅನ್ನೋ ಶೇಕಡಾ. ಪ್ಲಸ್ ಇದ್ರೆ ಸೇರಿಸ್ತಿದೆ, ಮೈನಸ್ ಇದ್ರೆ ಕಡಿಮೆ ಮಾಡ್ತಿದೆ. +2 ಅಂದ್ರೆ ಆರೋಗ್ಯವಂತ ಗಾಡಿ. ಒಂದೇ ಒಂದು ಕಡೆ ಕಣ್ಣು ನಿಂತದ್ದು, ಥ್ರಾಟಲ್ ಇಷ್ಟು ಮುಚ್ಕೊಂಡಿದೆಯಲ್ಲ ಅಂತ, ಇದೇ ಥರದ ಎಂಜಿನ್‌ಗಳಲ್ಲಿ ಐಡಲ್‌ಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ತೆಗೆದಿರುತ್ತೆ. ಬೇರೆ ಎಲ್ಲಿಂದಾದ್ರೂ ಗಾಳಿ ಬರ್ತಿದ್ರೆ ಹೀಗಾಗುತ್ತೆ. ಇನ್‌ಟೇಕ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಪೈಪ್ ಸುತ್ತ ಕ್ಲೀನರ್ ಸ್ಪ್ರೇ ಹೊಡೆದು ನೋಡಿದೆ, ಆರ್‌ಪಿಎಂ ಅಲ್ಲಾಡಲಿಲ್ಲ, ಅಂದ್ರೆ ಅಲ್ಲಿ ಸೋರಿಕೆ ಇಲ್ಲ.

ಇಲ್ಲಿ ಎರಡು ದಾರಿ ಇತ್ತು. ಒಂದು, ರಿಚ್ ಆಗೋ ಕಾರಣಗಳನ್ನ ಒಂದೊಂದೇ ಬಿಚ್ಚಿ ನೋಡೋದು, ಇಂಜೆಕ್ಟರ್ ಸೋರಿಕೆ, ಪ್ರೆಶರ್ ರೆಗ್ಯುಲೇಟರ್, ಹೀಗೆ. ಇನ್ನೊಂದು, ಏನನ್ನೂ ಬಿಚ್ಚದೆ ಈ ತೊಂದರೆ ಯಾವಾಗ ಬರುತ್ತೆ ಅಂತ ಹುಡುಕೋದು. ಗಾಡಿ ಸರಿಯಾಗಿದ್ದಾಗ ಬಿಚ್ಚಿದ್ರೆ ಏನು ಸಿಗುತ್ತೆ? ಎರಡನೇದೇ ಸರಿ ಅನ್ನಿಸ್ತು. ಯಾವ್ಯಾವ ತಾರೀಕು ಬಂದ್ ಬಿತ್ತು ನೆನಪಿದೆಯಾ ಕಾಕಾ ಅಂದೆ. ಅವರು ಗ್ಲೋವ್ ಬಾಕ್ಸ್‌ನಿಂದ ಒಂದು ಡೈರಿ ತೆಗೆದು ಕೈಗೆ ಕೊಟ್ರು.

ಡೈರಿ

ಬ್ಯಾಂಕ್‌ನವರ ಡೈರಿ ಅಂದ್ರೆ ಬ್ಯಾಂಕ್‌ನವರ ಡೈರಿನೇ. ಗಾಡಿ ತಗೊಂಡ ದಿನದಿಂದ ಪ್ರತಿ ಸಲದ ಪೆಟ್ರೋಲ್: ತಾರೀಕು, ಓಡೋಮೀಟರ್, ಲೀಟರ್ ಎರಡು ದಶಾಂಶದವರೆಗೆ, ರೂಪಾಯಿ, ಮೈಲೇಜ್, ಕೊನೇ ಕಾಲಂ ಷರಾ. ಆ ಷರಾದಲ್ಲಿ "ಬಂದ್ ಬಿತ್ತು, ಕರ್ವೆ ರೋಡ್", "ಬಂದ್ ಬಿತ್ತು 2 ಸಲ, ವಾರ್ಜೆ" ಅಂತ ನೀಲಿ ಪೆನ್ನಲ್ಲಿ. ಓದ್ತಾ ಹೋದ ಹಾಗೆ ಒಂದು ವಿಷಯ ಎದ್ದು ಕಾಣ್ತು, ಷರಾ ಇರೋ ಸಾಲುಗಳಲ್ಲಿ ಓಡೋಮೀಟರ್ ಲೆಕ್ಕ ಹಾಕಿದ್ರೆ ಹೆಚ್ಚುಕಡಿಮೆ ಎಲ್ಲವೂ ಪೆಟ್ರೋಲ್ ಹಾಕಿಸಿದ ನೂರು ಕಿಲೋಮೀಟರ್ ಒಳಗೆ. ಅರ್ಧ ಟ್ಯಾಂಕ್ ಕೆಳಗಿದ್ದಾಗ ಒಂದೂ ಇಲ್ಲ. ಕಿಣಿ ಟೋಲ್ ಘಟನೆಯೂ ನಿಪ್ಪಾಣಿಯಲ್ಲಿ ಫುಲ್ ಮಾಡಿಸಿದ ಮೇಲೇನೇ.

ಆಮೇಲೆ ಲೀಟರ್ ಕಾಲಂ ನೋಡ್ದೆ. ಟ್ಯಾಂಕ್ 35 ಲೀಟರಿಂದು, ಕೆಲವು ಸಾಲಲ್ಲಿ 36, 37 ಲೀಟರ್ ಹಾಕಿಸಿದ ಲೆಕ್ಕ ಇದೆ. ಕೇಳಿದ್ರೆ ಕಾಕಾ ಹೆಮ್ಮೆಯಿಂದಲೇ ಹೇಳಿದ್ರು, ಮೈಲೇಜ್ ಕರೆಕ್ಟ್ ಸಿಗಬೇಕು ಅಂದ್ರೆ ಪ್ರತಿ ಸಲ ಒಂದೇ ಮಟ್ಟಕ್ಕೆ ತುಂಬಬೇಕಲ್ಲ, ನಾಝಲ್ ಟಕ್ ಅಂತ ಕಟ್ ಆದ ಮೇಲೂ ಪಂಪ್ ಹುಡುಗನಿಗೆ "ಅಜೂನ್ ಥೋಡಾ, ಅಜೂನ್ ಥೋಡಾ" (ಇನ್ನೊಂಚೂರು) ಅಂತ ಹೇಳಿ ಪೆಟ್ರೋಲ್ ಬಾಯಿ ಹತ್ರ ಕಾಣೋವರೆಗೂ ಹಾಕಿಸ್ತಾರಂತೆ. ಲೆಕ್ಕದ ದೃಷ್ಟಿಯಿಂದ ಅವರು ಹೇಳಿದ್ದು ಸರಿನೇ. ಗಾಡಿ ದೃಷ್ಟಿಯಿಂದ ಅದು ವಿಷ.

ಯಾಕೆ ಅಂದ್ರೆ, ಟ್ಯಾಂಕ್‌ನಲ್ಲಿ ಮೇಲ್ಗಡೆ ಜಾಗ ಖಾಲಿ ಬಿಟ್ಟಿರೋದು ಪೆಟ್ರೋಲ್ ಹಿಗ್ಗೋಕೆ, ಆವಿ ನಿಲ್ಲೋಕೆ. ಆ ಆವಿ ಹೊರಗೆ ಹೋಗಬಾರದು ಅಂತ ಒಂದು ಪೈಪ್‌ನಲ್ಲಿ ಕ್ಯಾನಿಸ್ಟರ್ ಅನ್ನೋ ಡಬ್ಬಕ್ಕೆ ಹೋಗುತ್ತೆ, ಅದರೊಳಗೆ ಆಕ್ಟಿವೇಟೆಡ್ ಕಾರ್ಬನ್ ಅಂದ್ರೆ ಒಂಥರಾ ಇದ್ದಿಲು ತುಂಬಿರುತ್ತೆ, ಅದು ಆವಿಯನ್ನ ಹೀರಿ ಇಟ್ಕೊಳ್ಳುತ್ತೆ. ಎಂಜಿನ್ ಬಿಸಿಯಾಗಿ ಓಡ್ತಿರುವಾಗ ಇಸಿಯು ಪರ್ಜ್ ವಾಲ್ವ್ ಅನ್ನೋ ಸಣ್ಣ ಸೊಲೆನಾಯ್ಡ್ ವಾಲ್ವನ್ನ ಬೇಕಾದಷ್ಟೇ ತೆಗೆದು ಆ ಆವಿಯನ್ನ ಮ್ಯಾನಿಫೋಲ್ಡ್‌ಗೆ ಎಳೆದು ಸುಡುತ್ತೆ. ಕರೆಂಟ್ ಇಲ್ಲದಿದ್ರೆ ಈ ವಾಲ್ವ್ ಮುಚ್ಚಿರಬೇಕು. ಬಾಯಿಮಟ್ಟ ತುಂಬಿಸಿದ್ರೆ ಆವಿ ಹೋಗೋ ಪೈಪ್‌ನಲ್ಲಿ ಪೆಟ್ರೋಲೇ ಹೋಗುತ್ತೆ, ಇದ್ದಿಲು ನೆನೆಯುತ್ತೆ, ವರ್ಷಗಟ್ಟಲೆ ನೆನೆದ್ರೆ ಪುಡಿಯಾಗುತ್ತೆ, ಆ ಪುಡಿ ಎಳೆತದ ಜೊತೆ ಪರ್ಜ್ ವಾಲ್ವ್‌ವರೆಗೂ ಬರುತ್ತೆ.

ವಾಲ್ವ್ ಸ್ವಲ್ಪ ತೆರೆದೇ ಉಳಿದಿದೆ ಅಂದ್ಕೊಳ್ಳಿ. ಟ್ಯಾಂಕ್ ಫುಲ್ ಇದ್ದಾಗ ಕ್ಯಾನಿಸ್ಟರ್‌ನಿಂದ ಬರೋದು ಗಟ್ಟಿ ಪೆಟ್ರೋಲ್ ಆವಿ. ಹೈವೇಲಿ ಎಂಜಿನ್ ಅಷ್ಟೊಂದು ಗಾಳಿ ಎಳೀತಿರುವಾಗ ಇದು ಲೆಕ್ಕಕ್ಕಿಲ್ಲ. ಐಡಲ್‌ನಲ್ಲಿ ಎಂಜಿನ್‌ಗೆ ಬೇಕಾದ ಗಾಳಿನೇ ಕಡಿಮೆ, ಮ್ಯಾನಿಫೋಲ್ಡ್‌ನಲ್ಲಿ ಎಳೆತ ಮಾತ್ರ ಜೋರು, ಆವಿ ಧಾರಾಳವಾಗಿ ಬಂದು ಮಿಶ್ರಣ ಕೆಡಿಸುತ್ತೆ. ಪೆಟ್ರೋಲ್ ಖರ್ಚಾಗಿ ಕ್ಯಾನಿಸ್ಟರ್ ಒಣಗಿದ ಮೇಲೆ ಅದೇ ದಾರಿಯಲ್ಲಿ ಬರೋದು ಬರೀ ಗಾಳಿ. ಮ್ಯಾಪ್ ಸೆನ್ಸರ್ ಇರೋ ಗಾಡೀಲಿ ಆ ಗಾಳಿಯೂ ಒತ್ತಡದಲ್ಲಿ ಲೆಕ್ಕಕ್ಕೆ ಸಿಕ್ಕಿಬಿಡುತ್ತೆ, ಇಸಿಯು ಥ್ರಾಟಲ್ ಒಂಚೂರು ಮುಚ್ಚಿ ಸುಧಾರಿಸ್ಕೊಳ್ಳುತ್ತೆ, ಟ್ರಿಮ್ ಕ್ಲೀನ್. ಏರ್ ಫ್ಲೋ ಮೀಟರ್ ಇರೋ ಗಾಡಿಯಾಗಿದ್ರೆ ಆವಾಗ ಲೀನ್ (ಪೆಟ್ರೋಲ್ ಕಮ್ಮಿ) ಅಂತ ತೋರಿಸ್ತಿತ್ತು, ಬೇಗ ಸಿಕ್ಕಿಬೀಳ್ತಿತ್ತು.

ಇಷ್ಟು ಹೊತ್ತಿಗೆ ಆ ಹಳೇ ರಿಪೇರಿಗಳೆಲ್ಲ ಯಾಕೆ "ಕೆಲಸ ಮಾಡಿದ್ವು" ಅಂತ ಗೊತ್ತಾಗಿತ್ತು. ಕಾಕಾಗೆ ಇನ್ನೊಂದು ಅಭ್ಯಾಸ, ಗಾಡಿ ಗ್ಯಾರೇಜ್‌ಗೆ ಬಿಡೋ ಮುಂಚೆ ಟ್ಯಾಂಕ್ ತಳ ಕಾಣೋವರೆಗೂ ಓಡಿಸೋದು, ಅಲ್ಲಿ ಯಾರಾದ್ರೂ ಪೆಟ್ರೋಲ್ ತೆಗೀತಾರೆ ಅನ್ನೋ ಭಯ. ಇದು ಅವರೊಬ್ಬರದಲ್ಲ, ನಮ್ಮಲ್ಲಿ ಅರ್ಧ ಜನ ಹಾಗೇ. ಅಂದ್ರೆ ಯಾವ ಗ್ಯಾರೇಜ್‌ನವರೂ ಆ ತೊಂದರೆಯನ್ನ ಕಣ್ಣಾರೆ ನೋಡೇ ಇಲ್ಲ, ಗಾಡಿ ಬರೋ ಹೊತ್ತಿಗೆ ತಾನೇ ಸರಿಯಾಗಿರ್ತಿತ್ತು. ಏನು ಮಾಡಿ ಕೊಟ್ರೂ, ಮುಂದಿನ ಸಲ ಫುಲ್ ಮಾಡಿಸೋವರೆಗೂ ಸರಿಯಾಗೇ ಓಡ್ತಿತ್ತು. ಫ್ಯೂಲ್ ಪಂಪ್ ಹಾಕಿದ ಮೇಲೆ ಮೂರು ವಾರ ಯಾಕೆ ಬಾಳ್ತು? ಡೈರೀಲೇ ಇದೆ, ಅದಾದ ಮೇಲೆ ಹೊಸ ಪಂಪ್ ಸೆಟ್ ಆಗಲಿ ಅಂತ ಮಿಸ್ತ್ರಿ ಹೇಳಿದ್ದಕ್ಕೆ ಹತ್ತು ಹತ್ತು ಲೀಟರ್ ಮಾತ್ರ ಹಾಕಿಸಿದ್ರು.

ಆದ್ರೂ ಇದು ಇನ್ನೂ ಊಹೆ. ಡೈರಿ ನೋಡಿ ಪಾರ್ಟ್ ತರಿಸೋದಾದ್ರೆ ಅಳಿಯನಿಗೂ ನಮಗೂ ಏನು ವ್ಯತ್ಯಾಸ?

ಬೇಕಂತಲೇ ಕೆಡಿಸಿ ನೋಡಿದ್ದು

ಕಾಕಾ ಮನೆ ಹತ್ರದ ಪಂಪ್‌ನಲ್ಲಿ ಅವರ ಪದ್ಧತಿ ಪ್ರಕಾರವೇ ಬಾಯಿಮಟ್ಟ ಹಾಕಿಸಿ, ಚಾಂದನಿ ಚೌಕ್‌ವರೆಗೂ ಹೋಗಿ ವಾಪಸ್ ಬಂದು ಸೊಸೈಟಿ ಪಾರ್ಕಿಂಗ್‌ನಲ್ಲಿ ಎಂಜಿನ್ ಆನ್ ಇಟ್ಟು ನಿಂತ್ವಿ. ಏಪ್ರಿಲ್ ಬಿಸಿಲು ಬೇರೆ, ಆವಿಗೆ ಬರಗಾಲ ಇರಲಿಲ್ಲ. ಸ್ಕ್ಯಾನರ್ ಪರದೆ ಮೇಲೆ ಶಾರ್ಟ್ ಟರ್ಮ್ ಟ್ರಿಮ್ (ಆ ಕ್ಷಣದ್ದು) -8, -14, -20 ಅಂತ ಇಳೀತಾ ಹೋಯ್ತು, ಜೊತೆಗೆ ನಿಧಾನಕ್ಕೆ ಬದಲಾಗೋ ಲಾಂಗ್ ಟರ್ಮ್ ಕೂಡ ಇಳಿಯೋಕೆ ಶುರು. ಎಂಜಿನ್ 750ರಿಂದ 640, ಮತ್ತೆ ಒದ್ದಾಡಿ 700, ಆಮೇಲೆ 500, ಸ್ಟೀರಿಂಗ್ ನಡುಕ, ಸತ್ತೇ ಹೋಯ್ತು. ಕಾಕಾ ಮುಖ ನೋಡಬೇಕಿತ್ತು, ಗಾಡಿ ಬಂದ್ ಬಿದ್ದಿದ್ದಕ್ಕೆ ಮೊದಲನೇ ಸಲ ಖುಷಿಯಾಗಿದ್ರು.

ಮತ್ತೆ ಸ್ಟಾರ್ಟ್ ಮಾಡಿ 2,500ರಲ್ಲಿ ಹಿಡಿದ್ರೆ ಟ್ರಿಮ್ -3ಕ್ಕೆ ಬಂತು. ಕೆಳಗೆ ಬಿಟ್ರೆ ಮತ್ತೆ ಮೈನಸ್ ಇಪ್ಪತ್ತು. ಪರ್ಜ್ ವಾಲ್ವ್‌ಗೆ ಇಸಿಯು ಕೊಡ್ತಿರೋ ಕಮಾಂಡ್ ನೋಡಿದ್ರೆ 0 ಪರ್ಸೆಂಟ್, ಅಂದ್ರೆ ಇಸಿಯು ಮುಚ್ಚು ಅಂತಿದೆ. ಈಗ ಬೇಕಿದ್ದ ಒಂದೇ ಒಂದು ಟೆಸ್ಟ್: ವಾಲ್ವ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗೋ ರಬ್ಬರ್ ಹೋಸ್‌ಗೆ ಬಟ್ಟೆ ಸುತ್ತಿ ಪ್ಲೈಯರ್‌ನಿಂದ ಮೆತ್ತಗೆ ಒತ್ತಿ ಹಿಡಿಯೋದು. (ಪ್ಲಾಸ್ಟಿಕ್ ಪೈಪ್ ಆಗಿದ್ರೆ ಒತ್ತಬೇಡಿ, ಬಿಸಿಗೆ ಗರಿಗರಿಯಾಗಿ ಒಡೆಯುತ್ತೆ, ಬಿಚ್ಚಿ ಮ್ಯಾನಿಫೋಲ್ಡ್ ಕಡೆಯ ತೂತು ಮುಚ್ಚಿ. ಪೆಟ್ರೋಲ್ ಆವಿ ಹತ್ರ ಸಿಗರೇಟ್ ಬೇಡ ಅಂತ ಹೇಳೋದೂ ಬೇಕಾ!) ಒತ್ತಿ ಹಿಡಿದ ಕೆಲವೇ ಸೆಕೆಂಡಿಗೆ ನಡುಕ ನಿಂತು, ಟ್ರಿಮ್ ಮೇಲೇರ್ತಾ ಬಂದು ಸೊನ್ನೆಯ ಆಸುಪಾಸು ಕೂತ್ಕೊಳ್ತು. ಬಿಟ್ರೆ ಮತ್ತೆ ಇಳಿಯೋದು. ಹಿಡಿದು ಬಿಟ್ಟು ಹಿಡಿದು ಬಿಟ್ಟು ಕಾಕಾಗೂ ತೋರಿಸ್ದೆ.

ಕೊನೆಗೆ ವಾಲ್ವ್‌ನ ಕನೆಕ್ಟರ್ ಕಿತ್ತು, ಕ್ಯಾನಿಸ್ಟರ್ ಕಡೆಯ ಹೋಸ್ ಬಿಚ್ಚಿ ಬೆರಳಿಟ್ಟು ನೋಡಿದ್ರೆ ಬೆರಳು ಎಳೀತಿದೆ. ಕರೆಂಟೇ ಇಲ್ಲದ ವಾಲ್ವ್ ಎಳೀತಿದೆ ಅಂದ್ರೆ ಅದು ಮುಚ್ಚಿಲ್ಲ, ಮಾತು ಮುಗೀತು. ಕಾಯಿಲ್ ರೆಸಿಸ್ಟೆನ್ಸ್ ಮಾತ್ರ ಸರಿಯಾಗೇ ಇತ್ತು, ಅದಕ್ಕೇ ಕೋಡ್ ಇಲ್ಲ. ಈ ಗಾಡಿಯ ಇಸಿಯು ವಾಲ್ವ್‌ನ ವೈರಿಂಗ್ ಸರ್ಕ್ಯೂಟ್ ಮಾತ್ರ ಚೆಕ್ ಮಾಡುತ್ತೆ, ಒಳಗಿನ ಬಾಗಿಲು ನಿಜವಾಗ್ಲೂ ಮುಚ್ತಾ ಅಂತ ನೋಡಲ್ಲ. ರಿಚ್ ಅನ್ನೋ ಪಿ0172 ಕೋಡ್ ಬರಬಹುದಿತ್ತು, ಆದ್ರೆ ದೀಪ ಹತ್ತೋಕೆ ಅದೇ ತೊಂದರೆ ಒಂದಕ್ಕಿಂತ ಹೆಚ್ಚು ಟ್ರಿಪ್‌ನಲ್ಲಿ ಬರಬೇಕು, ಅಷ್ಟರಲ್ಲಿ ಕ್ಯಾನಿಸ್ಟರ್ ಒಣಗಿರ್ತಿತ್ತು.

ವಾಲ್ವ್ ಬಿಚ್ಚಿ ಬಿಳಿ ಪೇಪರ್ ಮೇಲೆ ತಟ್ಟಿದ್ರೆ ರವೆಯಷ್ಟು ಸಣ್ಣ ಕಪ್ಪು ಕಾಳು ಉದುರಿದ್ವು. ಬೆರಳಲ್ಲಿ ತಿಕ್ಕಿದ್ರೆ ಮಸಿ.

ಈಗ ಚರ್ಚೆ ಶುರುವಾಯ್ತು. ವಾಲ್ವ್ ಬೆಲೆ ಸಾವಿರದೈನೂರರ ಆಸುಪಾಸು, ಕ್ಯಾನಿಸ್ಟರ್ ಅದರ ಮೂರ್ನಾಲ್ಕು ಪಟ್ಟು. ಎರಡೂ ಬದಲಾಯಿಸಬೇಕು ಅಂದೆ, ಪುಡಿ ಬರ್ತಿರೋದು ಅಲ್ಲಿಂದ. ಕಾಕಾ ಒಪ್ಪಲಿಲ್ಲ, "ಈಗಾಗಲೇ ಇಷ್ಟ್ ರೊಕ್ಕ ಸುರದೀನಿ, ಮೊದ್ಲ ವಾಲ್ವ್ ಹಾಕು, ಆಮ್ಯಾಲೆ ನೋಡೂಣು." ಅವರ ಕಡೆಯಿಂದ ನೋಡಿದ್ರೆ ಅದೂ ನ್ಯಾಯವೇ, ಪ್ರತಿಯೊಬ್ಬರೂ ಇದೊಂದು ಹಾಕಿದ್ರೆ ಸರಿ ಹೋಗುತ್ತೆ ಅಂತಲೇ ದುಡ್ಡು ತೆಗೆಸಿದ್ರು, ನನ್ನನ್ನ ಮಾತ್ರ ಯಾಕೆ ನಂಬಬೇಕು. ನಾನಾ ಪೇಠಿಂದ ವಾಲ್ವ್ ತಂದು ಹಾಕಿದ್ವಿ, ಹೋಸ್‌ಗಳಿಗೆ ಗಾಳಿ ಹೊಡೆದು ಪುಡಿ ತೆಗೆದ್ವಿ. ಫುಲ್ ಟ್ಯಾಂಕ್‌ನಲ್ಲೇ ಟೆಸ್ಟ್ ಮಾಡಿದ್ವಿ, ಐಡಲ್‌ನಲ್ಲಿ ಟ್ರಿಮ್ -2. ಆಗಷ್ಟೇ ರಿಪೇರಿ ಆಯ್ತು ಅಂತ ಒಪ್ಪಿದ್ದು, ತೊಂದರೆ ಬರ್ತಿದ್ದ ಪರಿಸ್ಥಿತಿಯಲ್ಲೇ ಅದು ಬರಲಿಲ್ಲ ಅಂತ.

ಮಳೆಗಾಲದ ಹೊತ್ತಿಗೆ ಫೋನ್ ಬಂತು, ಮತ್ತೆ ನಡುಕ. ಹೋಸ್ ಒತ್ತಿದ್ರೆ ಸರಿ ಹೋಗ್ತಿತ್ತು, ಹೊಸ ವಾಲ್ವ್ ಬಿಚ್ಚಿದ್ರೆ ಅದರಲ್ಲೂ ಅದೇ ಕಪ್ಪು ಕಾಳು. ಈ ಸಲ ಕಾಕಾ ತಾವೇ ಕ್ಯಾನಿಸ್ಟರ್ ಅಂದ್ರು. ಅಂಗಡಿ ಕೌಂಟರ್ ಮೇಲೆ ಹಳೇದು ಹೊಸದು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದ್ವಿ, ಹಳೇದು ಎದ್ದು ಕಾಣೋಷ್ಟು ಭಾರ, ಅಲ್ಲಾಡಿಸಿದ್ರೆ ಒಳಗೆ ಪುಡಿ ಸರಸರ ಅನ್ನೋ ಸದ್ದು, ಹೊಸದರಲ್ಲಿ ಸದ್ದೇ ಇಲ್ಲ. ಕ್ಯಾನಿಸ್ಟರ್ ಹಾಕಿ, ವಾಲ್ವ್ ಕ್ಲೀನ್ ಮಾಡಿದ್ರೆ ಸಾಕು ಅಂತ ಅಂಗಡಿಯವನು ಅಂದ್ರೂ ಕೇಳದೆ ಅದನ್ನೂ ಹೊಸದು ಹಾಕಿದ್ವಿ. ಅಲ್ಲಿಂದೀಚೆಗೆ ದೀಪಾವಳಿಗೆ ಊರಿಗೆ ಹೋಗಿ ಬಂದಿದ್ದಾರೆ, ಟೋಲ್‌ಗಳಲ್ಲಿ ನಿಂತಿದ್ದಾರೆ, ಗಾಡಿ ಬಂದ್ ಬಿದ್ದಿಲ್ಲ.

ಮೈಲೇಜ್ ಲೆಕ್ಕದ ವಿಷಯಕ್ಕೆ ಮಾತ್ರ ಗಾಡಿಗಿಂತ ಜಾಸ್ತಿ ವಾದ ಆಯ್ತು. ಮೊದಲನೇ ಕಟ್‌ಗೆ ನಿಲ್ಲಿಸಿ ಅಂದ್ರೆ, ಒಂದೊಂದು ಪಂಪ್‌ನಲ್ಲಿ ಒಂದೊಂದು ಮಟ್ಟಕ್ಕೆ ಕಟ್ ಆಗ್ತದಲ್ಲ, ಲೆಕ್ಕ ತಪ್ತದ ಅಂತ ಅವರು. ಒಂದು ಸಲದ ಮೈಲೇಜ್ ನೋಡಬೇಡಿ ಕಾಕಾ, ಏಳೆಂಟು ಸಲದ ಒಟ್ಟು ಕಿಲೋಮೀಟರ್‌ನ ಒಟ್ಟು ಲೀಟರಿಂದ ಭಾಗಿಸಿ, ಆ ಒಂದು ಲೀಟರಿನ ಏರುಪೇರು ಮುಳುಗಿ ಹೋಗುತ್ತೆ ಅಂದೆ. ಬ್ಯಾಂಕಿನವರಿಗೆ ಸರಾಸರಿ ಅರ್ಥ ಆಗುತ್ತೆ, ಒಪ್ಪಿದ್ರು.

ಇಸಿಯು ಬದಲಾಯಿಸಲಿಲ್ಲ ಅನ್ನೋದೇ ದೊಡ್ಡ ಉಳಿತಾಯ. ಫ್ಯೂಲ್ ಪಂಪ್, ಮ್ಯಾಪ್ ಸೆನ್ಸರ್ ಎರಡೂ ಚೆನ್ನಾಗಿದ್ವು, ಹೋದ ದುಡ್ಡು ಹೋಯ್ತು. ಥ್ರಾಟಲ್ ಕ್ಲೀನಿಂಗ್ ಹೇಗೂ ಆ ಕಿಲೋಮೀಟರ್‌ಗೆ ಮಾಡಬೇಕಾದ್ದೇ, ಅದನ್ನ ನಷ್ಟದ ಲೆಕ್ಕಕ್ಕೆ ಹಾಕಲ್ಲ.

ಇದನ್ನ ಓದಿ ಐಡಲ್‌ನಲ್ಲಿ ನಿಲ್ಲೋ ಪ್ರತಿ ಗಾಡಿಗೂ ಪರ್ಜ್ ವಾಲ್ವ್ ತರಿಸೋಕೆ ಹೋಗ್ಬೇಡಿ. ನಿಮ್ಮ ಗಾಡಿ ಯಾವಾಗ ಕೆಡುತ್ತೆ ಅನ್ನೋದನ್ನ ಒಂದು ತಿಂಗಳು ಬರೆದಿಡಿ: ಟ್ಯಾಂಕ್ ಎಷ್ಟಿತ್ತು, ಎಂಜಿನ್ ಬಿಸಿ ಇತ್ತಾ ತಣ್ಣಗಿತ್ತಾ, ಎಸಿ ಆನ್ ಇತ್ತಾ, ಟಕ್ ಅಂತ ನಿಂತ್ತಾ ಇಳಿದು ನಿಂತ್ತಾ, ಮತ್ತೆ ಹೇಗೆ ಸ್ಟಾರ್ಟ್ ಆಯ್ತು. ಗ್ಯಾರೇಜ್‌ಗೆ ಬಿಡುವಾಗ ಕೆಡೋ ಸ್ಥಿತಿಯಲ್ಲೇ ಬಿಡಿ, ಪೆಟ್ರೋಲ್ ಹೋದ್ರೆ ಒಂದೆರಡು ಲೀಟರ್ ಹೋಗುತ್ತೆ. ಕಾಕಾನ ಗಾಡಿ ಸರಿ ಹೋಗಿದ್ದು ಕೇಳಿ ಅದೇ ಸೊಸೈಟಿಯ ಇನ್ನೊಬ್ಬರು ಬಂದಿದ್ರು, ಅವರದ್ದೂ ಐಡಲ್‌ನಲ್ಲಿ ರಿಚ್, ಅವರದ್ದೂ ಮೈನಸ್ ಟ್ರಿಮ್. ಹೋಸ್ ಒತ್ತಿ ಹಿಡಿದ್ರೆ ಏನೇನೂ ಬದಲಾವಣೆ ಇಲ್ಲ. ಟ್ಯಾಂಕ್ ಫುಲ್ ಇದ್ರೂ ಖಾಲಿ ಇದ್ರೂ ಒಂದೇ ಥರ, ಬೆಳಿಗ್ಗೆ ಮೊದಲನೇ ಸ್ಟಾರ್ಟ್‌ಗೆ ಕಪ್ಪು ಹೊಗೆ ಬೇರೆ. ಇಂಜೆಕ್ಟರ್‌ಗಳು ಕೂತಿರೋ ಪೈಪ್ ಅಂದ್ರೆ ರೇಲ್ ಬಿಚ್ಚಿ ಪ್ರೆಶರ್ ಕೊಟ್ಟು ನೋಡಿದಾಗ ಮೂರನೇ ಇಂಜೆಕ್ಟರ್ ತೊಟ್ಟಿಕ್ತಿತ್ತು.